ಮಳೆಗಾಲಕ್ಕೊಂದು ಬಾಡಿಗೆ

ಹದಿಮೂರು ಸಾವಿರದ ಮೇಲೆ ಬಾಡಿಗೆ ಕೊಡುವುದಿಲ್ಲ ಎಂದು ನಾನು ಮೊದಲು ಹೇಳಿದ್ದು ಎಲ್ಲಿ ಎಂಬುದರ ಬಗ್ಗೆ ನನಗೂ ಗಂಡನಿಗೂ ಇವತ್ತಿಗೂ ಒಮ್ಮತವಿಲ್ಲ. ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೇಲೆ, ಸಂಜೆಯ ನೂಕುನುಗ್ಗಲಿನಲ್ಲಿ, ಎಂದು ನನ್ನ ನೆನಪು. ಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದಾಗ ಲಟ್ಟಣಿಗೆ ಎತ್ತಿ ತೋರಿಸಿ ಹೇಳಿದೆ ಎಂದು ಅವರ ನೆನಪು. ಲಟ್ಟಣಿಗೆಯನ್ನು ಅವರು ಆಮೇಲೆ ಸೇರಿಸಿಕೊಂಡರೆಂದು ನನಗೆ ಅನುಮಾನ. ಹಾಗೆ ನೋಡಿದರೆ ಸೇತುವೆಯನ್ನು ನಾನೂ ಆಮೇಲೆ ಸೇರಿಸಿಕೊಂಡಿರಬಹುದು. ದೃಢವಾಗಿ ಮಾತಾಡಿದ ನೆನಪುಗಳಿಗೆ ನಾವು ತೆರೆದ ಜಾಗಗಳನ್ನೇ ಕೊಡುತ್ತೇವೆ. ಸಂಖ್ಯೆಯ ಬಗ್ಗೆ ಮಾತ್ರ ಇಬ್ಬರಿಗೂ ಅನುಮಾನವಿಲ್ಲ.

ನಾವಿದ್ದ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಗಿತ್ತು. ಹಳೆಯದನ್ನು ಕೆಡವಿ ಹೊಸದನ್ನು ಕಟ್ಟುವವರೆಗೆ ಬಿಲ್ಡರು ಫ್ಲ್ಯಾಟಿನ ಮಾಲೀಕರಿಗೆ ಬೇರೆ ಕಡೆ ಇರಲು ತಿಂಗಳ ಬಾಡಿಗೆ ಕೊಡುತ್ತಾನೆ. ನಮ್ಮಂಥ ಬಾಡಿಗೆದಾರರಿಗೆ ಸಿಗುವುದು ನೋಟಿಸು ಮಾತ್ರ. ಏಪ್ರಿಲ್ ಕೊನೆಗೆ ಖಾಲಿ ಮಾಡಬೇಕಿತ್ತು. ಒಂದೇ ಕಟ್ಟಡದ ಅಷ್ಟೂ ಸಂಸಾರಗಳು ಒಂದೇ ತಿಂಗಳಲ್ಲಿ, ಅದೇ ನಾಲ್ಕು ಬೀದಿಗಳಲ್ಲಿ ಮನೆ ಹುಡುಕುತ್ತಿದ್ದವು. ಬಿಲ್ಡರನ ದುಡ್ಡು ಕೈಯಲ್ಲಿದ್ದವರು ಚೌಕಾಸಿ ಮಾಡುತ್ತಿರಲಿಲ್ಲ. ಹೀಗಾಗಿ ಬ್ರೋಕರುಗಳು ನಮ್ಮನ್ನು ನೋಡಿದ ಕೂಡಲೇ ಕೇಳುತ್ತಿದ್ದ ಮೊದಲ ಪ್ರಶ್ನೆ, "ಓನರ್ ಕ್ಯಾ?" ಅಲ್ಲ ಎಂದರೆ ಅವರ ಮುಖ ಸ್ವಲ್ಪ ಕಿರಿದಾಗುತ್ತಿತ್ತು.

ಮಗಳು ಹತ್ತನೇ ತರಗತಿಗೆ ಕಾಲಿಡುವವಳಿದ್ದಳು. ಶಾಲೆ ಠಾಕುರ್ಲಿಯ ಕಡೆ, ಸಂಜೆಯ ಟ್ಯೂಷನ್ನೂ ಅಲ್ಲೇ ಪಕ್ಕದಲ್ಲಿ. ನಾನು ಠಾಣೆಯ ಆಫೀಸಿನಿಂದ ಬರುವುದು ಕತ್ತಲಾದ ಮೇಲೆ, ಗಂಡ ತುರ್ಭೆಯ ಟ್ರಾನ್ಸ್‌ಪೋರ್ಟ್ ಕಂಪನಿಯಿಂದ ಬರುವುದು ಅದಕ್ಕಿಂತ ತಡವಾಗಿ. ಟಿಟ್ವಾಳಾದಲ್ಲಿ ಒಂಬತ್ತು ಸಾವಿರಕ್ಕೆ ಮನೆಗಳು ಇದ್ದವು. ಅಲ್ಲಿಗೆ ಹೋದರೆ ಮಗಳು ಬೋರ್ಡ್ ಪರೀಕ್ಷೆಯ ವರ್ಷವಿಡೀ ಬೆಳಿಗ್ಗೆ ತುಂಬಿ ಬರುವ ಲೋಕಲ್ಲಿನಲ್ಲಿ ನೇತಾಡಿಕೊಂಡು ಹೋಗಬೇಕು, ಟ್ಯೂಷನ್ ಮುಗಿಸಿ ಒಬ್ಬಳೇ ಹಿಂತಿರುಗಬೇಕು. ಅವಳ ತೀರ್ಮಾನ ಹಿಂದಿಯಲ್ಲಿ ಬಂದಿತ್ತು, ನಾವು ಕನ್ನಡದಲ್ಲಿ ಕೇಳಿದರೂ: "ಮೈ ಟಿಟ್ವಾಳಾ ನಹೀ ಜಾ ರಹೀ. ಆಪ್ ಲೋಗ್ ಜಾವೋ." ನಾನು ಬರುವುದಿಲ್ಲ, ನೀವೇ ಹೋಗಿ ಎಂದು. ನಮ್ಮ ಎರಡು ಸಂಬಳದಲ್ಲಿ ಟ್ಯೂಷನ್ ಫೀಸು ಕಳೆದು ನೋಡಿದರೆ ಹದಿಮೂರರ ಮೇಲೆ ಹೋಗಲು ದಾರಿಯಿರಲಿಲ್ಲ. ಅವಳು ನಡೆದು ಶಾಲೆಗೆ ಹೋಗುವಂತಿರಬೇಕು, ಬಾಡಿಗೆ ಹದಿಮೂರು ದಾಟಬಾರದು. ನಮ್ಮ ಹುಡುಕಾಟದಲ್ಲಿ ಇದ್ದದ್ದು ಇಷ್ಟೇ. ಇಷ್ಟೂ ಒಂದೇ ಮನೆಯಲ್ಲಿ ಸಿಗುತ್ತಿರಲಿಲ್ಲ.

ಒಬ್ಬ ಬ್ರೋಕರ್ ಠಾಕುರ್ಲಿಯಲ್ಲಿ ತೋರಿಸಿದ ಮನೆ ನಾಲ್ಕನೇ ಮಹಡಿಯಲ್ಲಿತ್ತು, ಅದೇ ಕೊನೆಯ ಮಹಡಿ, ಲಿಫ್ಟ್ ಇಲ್ಲ. ಹಾಲು, ಬೆಡ್‌ರೂಮು, ಅಡುಗೆಮನೆ. ಅಡುಗೆಮನೆಯ ಕಿಟಕಿಯಿಂದ ಬಗ್ಗಿದರೆ ಶಾಲೆಯ ಕಾಂಪೌಂಡು ಕಾಣುತ್ತಿತ್ತು. ಅದನ್ನು ಕಂಡ ಕೂಡಲೇ ನಾನು ಕಿಟಕಿಯಿಂದ ಸರಿದು ನಲ್ಲಿ ತಿರುಗಿಸಿ ನೋಡುವವಳಂತೆ ನಿಂತೆ. ಬ್ರೋಕರ್ ನನ್ನ ಮುಖ ನೋಡುತ್ತಿದ್ದ. ಮನೆ ಇಷ್ಟವಾದದ್ದು ಅವನಿಗೆ ಗೊತ್ತಾದರೆ ಚೌಕಾಸಿ ಅಲ್ಲಿಗೇ ಮುಗಿಯುತ್ತದೆ.

"ತಾಈ, ಆವಡ್ಲಂ ನಾ? ಉದ್ಯಾ ಟೋಕನ್ ದ್ಯಾ," ಎಂದ. ಅಕ್ಕಾ, ಹಿಡಿಸಿತಲ್ಲ, ನಾಳೆಯೇ ಟೋಕನ್ ಮುಂಗಡ ಕೊಡಿ ಎಂದು. ಅವನ ಅವಸರಕ್ಕೆ ಕಾರಣವಿತ್ತು. ಟೋಕನ್ ಕೊಟ್ಟ ಮೇಲೆ ಯಾರೂ ಬಾಡಿಗೆಯ ಮಾತು ಎತ್ತುವುದಿಲ್ಲ.

ಬೆಡ್‌ರೂಮಿನಲ್ಲಿ ಮೂರು ಗೋಡೆಗಳ ಕೆನೆಬಣ್ಣ ಹಳೆಯದು, ನಾಲ್ಕನೆಯದರದ್ದು ಅದೇ ಬಣ್ಣ, ಆದರೆ ಹೊಸದು. ಇದೇನು ಎಂದು ಕೇಳಿದೆ.

"ಡಿಸೈನ್ ಆಹೆ ತಾಈ. ಆಜ್‌ಕಾಲ್ ಏಕ್ ಭಿಂತ್ ವೇಗಳೀ ಠೇವ್ತಾತ್." ಈಗೀಗ ಒಂದು ಗೋಡೆ ಬೇರೆಯಾಗಿಡುವುದು ಫ್ಯಾಷನ್ನಂತೆ.

ಹದಿನಾರು ಸಾವಿರ ಎಂದ. ನಾನು ಮಾಲೀಕರನ್ನೇ ನೋಡಬೇಕು ಎಂದೆ. ಅದು ಅವನ ಕಸುಬಿನ ಪದ್ಧತಿಗೆ ವಿರುದ್ಧ. ಮಾಲೀಕರೂ ಬಾಡಿಗೆದಾರರೂ ಕರಾರಿನ ದಿನ ಹೆಬ್ಬೆಟ್ಟು ಒತ್ತುವಾಗ ಒಬ್ಬರನ್ನೊಬ್ಬರು ನೋಡಬೇಕು, ಅಲ್ಲಿಯವರೆಗೆ ಎಲ್ಲ ಮಾತೂ ಅವನ ಬಾಯಿಯಿಂದ ಹಾಯಬೇಕು. ನಾನು ಬಿಡಲಿಲ್ಲ. ಮೂರನೆಯ ಸಲ ಕೇಳಿದಾಗ ಸ್ಕೂಟರಿನ ಮೇಲೆ ಕೂತುಕೊಂಡೇ ಹೇಳಿದ, ಅವರು ಠಾಣೆಯಲ್ಲಿದ್ದಾರೆ, ಹೋಟೆಲಿನವರು, "ತುಮ್‌ಚೇಚ್ ಲೋಕ್", ನಿಮ್ಮವರೇ.

ಗಂಡನಿಗೆ ಆ ಸುದ್ದಿ ಕೇಳಿ ಜೀವ ಬಂತು. "ಕನ್ನಡದವ್ರಂದ್ರ ಮುಗೀತ ಬಿಡು. ನಾಕ ಮಾತು ಆಡಿದ್ರ ತಾವಾಗೇ ಇಳಸ್ತಾರ."

ನನಗೆ ಅಂಜಿಕೆಯಾದದ್ದು ಅದಕ್ಕೇ. ಮರಾಠಿಯವರ ಹತ್ತಿರ ಚೌಕಾಸಿ ಮಾಡಿದರೆ ಅದು ಚೌಕಾಸಿ. ಕನ್ನಡದವರ ಹತ್ತಿರ ಮಾಡಿದರೆ ಅದು ಉಪಕಾರ ಕೇಳಿದಂತೆ. ಅವರು ಐನೂರು ಇಳಿಸುತ್ತಾರೆ, ನಾವು ಕೈಮುಗಿದು ಬರುತ್ತೇವೆ. ಇನ್ನೊಂದು ಸಾವಿರ ಇಳಿಸಿ ಎನ್ನಲು ನಾಲಗೆ ಏಳುವುದಿಲ್ಲ. ಊರಲ್ಲಾದರೆ ಅವರು ಕಡಲಿನ ಕಡೆಯವರು, ನಾವು ಕೃಷ್ಣೆಯ ಕಡೆಯವರು, ಒಬ್ಬರ ಸಾರು ಇನ್ನೊಬ್ಬರಿಗೆ ಸೇರುವುದಿಲ್ಲ. ಇಲ್ಲಿ ಮಾತ್ರ ಕನ್ನಡ ಎಂಬ ಒಂದು ಮಾತಿಗೆ ಎಲ್ಲರೂ ನೆಂಟರಾಗುತ್ತೇವೆ, ಅದೂ ಬಾಡಿಗೆ ಕೊಡುವವರಿಗೆ ಅನುಕೂಲವಾಗುವಷ್ಟು.

ಭಾನುವಾರ ಮಧ್ಯಾಹ್ನದ ನಂತರ ಠಾಣೆಗೆ ಹೋದೆವು. ಟವರಿನ ಹನ್ನೊಂದನೇ ಮಹಡಿಯೋ ಹನ್ನೆರಡನೆಯದೋ. ಬ್ರೋಕರ್ ನಮಗಿಂತ ಮುಂಚೆ ಬಂದು ಸೋಫಾದ ಮೂಲೆಯಲ್ಲಿ ಕೂತಿದ್ದ. ಮನೆಯ ಯಜಮಾನರು ತುರ್ಭೆಯ ಫ್ಯಾಕ್ಟರಿಯೊಂದರಲ್ಲಿ ಬಹಳ ವರ್ಷ ಕ್ಯಾಂಟೀನ್ ನಡೆಸಿದವರು, ಈಗ ಬಿಟ್ಟಿದ್ದಾರೆ. ಅವರ ಹೆಂಡತಿ, ಆ ಮನೆಯ ಅಮ್ಮ, ನನಗಿಂತ ಇಪ್ಪತ್ತು ವರ್ಷವಾದರೂ ದೊಡ್ಡವರು, ಮೊಣಕಾಲು ನೋವಿನವರಂತೆ ನಿಧಾನವಾಗಿ ನಡೆಯುತ್ತಿದ್ದರು. ಠಾಕುರ್ಲಿಯ ಮನೆಯಲ್ಲಿ ಮಕ್ಕಳನ್ನು ಬೆಳೆಸಿ, ಮಗ ದುಡಿಯಲು ತೊಡಗಿದ ಮೇಲೆ ಎಲ್ಲರೂ ಇಲ್ಲಿಗೆ ಬಂದಿದ್ದರು.

"ತುರ್ಭೆಯಲ್ಲಾ ನೀವು? ತುರ್ಭೆಯಲ್ಲಿ ಎಲ್ಲಿ?" ಎಂದು ಯಜಮಾನರು ಗಂಡನನ್ನು ಕೇಳಿದ್ದೇ ತಪ್ಪು, ಇಬ್ಬರೂ ಗೇಟು ಗೇಟು ಹೆಸರಿಸಿಕೊಂಡು ಕಾರ್ಖಾನೆಗಳ ನಡುವೆ ತಿರುಗಾಡತೊಡಗಿದರು. ಕಾಫಿ ಬಂತು. ಅದರ ಜೊತೆ ಚಕ್ಕುಲಿ ಬಂತು. ಪ್ರತಿ ಚಕ್ಕುಲಿಗೂ ನಮ್ಮ ಬಾಯಿ ಕಟ್ಟುತ್ತಿದೆ ಎಂದು ನನಗನಿಸುತ್ತಿತ್ತು. ನಾನು ತಿನ್ನಲಿಲ್ಲ. ತಿಂದೆ ಎಂದು ಗಂಡ ಹೇಳುತ್ತಾರೆ, ಎರಡು.

ಕೊನೆಗೆ ಯಜಮಾನರೇ ಎತ್ತಿದರು. "ಎಷ್ಟು ಹೇಳಿದ ಇವ?"

"ಹದಿನಾರು," ಎಂದೆ.

"ಹದಿನಾರು ಅಂದ್ರೆ ಕಡಿಮೆಯೇ ಆಯ್ತು. ಆದ್ರೂ ನೀವು ನಮ್ಮವರು ಅಲ್ವಾ. ಹದಿನೈದೂವರೆ ಮಾಡುವ. ಆಗ್ಬಹುದಲ್ಲ?"

ಗಂಡ "ಆತ್ರಿ..." ಎಂದು ಶುರುಮಾಡುವಷ್ಟರಲ್ಲಿ ನಾನು ಅವರ ಕಾಲು ತುಳಿದೆ. "ನಮ್ಮ ಕೈಲಿ ಆಗೂದು ಹದಿಮೂರು, ಅಂಕಲ್."

"ಹದಿಮೂರಾ?" ಅವರು ನಗುತ್ತಾ ಬ್ರೋಕರನ ಕಡೆ ತಿರುಗಿದರು. "ಮಾರಾಯ್ರೆ, ಹದಿಮೂರಕ್ಕೆ ಆದ್ರೆ ನಾನೇ ಅಲ್ಲಿಗೆ ಬಾಡಿಗೆಗೆ ಹೋಗ್ತೇನೆ."

"ನಾಕ ಮಹಡಿ ಹತ್ತಬೇಕು. ಲಿಫ್ಟ್ ಇಲ್ಲ. ನೀರು ಮುಂಜಾನೆ ಒಂದೇ ಹೊತ್ತು. ನಾವು ಮೂರೇ ಜನ, ಗದ್ದಲ ಇಲ್ಲ. ಬಾಡಗಿ ಒಂದ ತಿಂಗಳೂ ತಡ ಆಗೂದಿಲ್ಲ."

"ಮೆಟ್ಟಿಲು ಹತ್ತಿದ್ರೆ ಸೊಂಟಕ್ಕೆ ಒಳ್ಳೇದು," ಎಂದರು ಅಮ್ಮ. "ನಾನು ಮೂವತ್ತು ವರ್ಷ ಹತ್ತಿ ಇಳಿದಿದ್ದೇನೆ."

"ಅದಕ್ಕಽ ಈಗ ಲಿಫ್ಟ್ ಇದ್ದ ಮನೀಗೆ ಬಂದೀರಿ, ಆಂಟಿ."

ಗಂಡನಿಗೆ ಕೆಮ್ಮು ಬಂತು. ಅಮ್ಮ ನನ್ನನ್ನು ಮೊದಲ ಸಲ ಸರಿಯಾಗಿ ನೋಡಿದರು. ಸಿಟ್ಟಿನಿಂದ ಅಲ್ಲ. ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡುವಂತೆ.

ಯಜಮಾನರು ಹದಿನೈದಕ್ಕೆ ಬಂದು ನಿಂತರು. ಅದರ ಕೆಳಗೆ ಸಾಧ್ಯವೇ ಇಲ್ಲ, ನಾಳೆಯೇ ಬಿಲ್ಡರನ ದುಡ್ಡಿನವರು ಬಂದು ಹದಿನಾರು ಕೊಡುತ್ತಾರೆ, ನಮ್ಮವರು ಎಂದು ಇಷ್ಟು ಮಾತಾಡುತ್ತಿದ್ದೇನೆ ಎಂದರು. ಬ್ರೋಕರ್ ತನ್ನ ಚಿಂತೆ ಹೇಳಿಕೊಂಡ. ಒಂದು ಫ್ಲ್ಯಾಟ್ ಹದಿಮೂರಕ್ಕೆ ಹೋಯಿತೆಂದರೆ ಇಡೀ ಬಿಲ್ಡಿಂಗಿನ ರೇಟ್ ಕೆಡುತ್ತದೆ, ಉಳಿದ ಮಾಲೀಕರು ತನ್ನನ್ನು ಮೆಟ್ಟಿಲೂ ಹತ್ತಲು ಬಿಡುವುದಿಲ್ಲ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ ಎಂದು ಈಗ ಅನಿಸುತ್ತದೆ. ಆಗ ಅನಿಸಿರಲಿಲ್ಲ.

ನನ್ನ ಹತ್ತಿರ ಬೇರೆ ಕಾರಣ ಉಳಿದಿರಲಿಲ್ಲ. ಸುಮ್ಮನೆ, ಹೊತ್ತು ಕಳೆಯಲೆಂಬಂತೆ ಕೇಳಿದೆ: "ಬೆಡ್‌ರೂಮಿನ ಒಂದಽ ಗೋಡೆಗೆ ಯಾಕ ಬಣ್ಣ ಹಚ್ಚೀರಿ?"

ಯಜಮಾನರು ತಡವರಿಸಿದರು. ಅಮ್ಮ ಖಾಲಿ ಲೋಟಗಳನ್ನು ಒಂದರೊಳಗೊಂದು ಇಡುತ್ತಾ, ತಮ್ಮ ಗಂಡನಿಗೆ ಮನೆಗೆಲಸದ ಮಾತು ಹೇಳುವ ಸ್ವರದಲ್ಲೇ ತುಳುವಿನಲ್ಲಿ ಅಂದರು: "ಗೋಡೆದ ವಿಷಯ ಪನೊಡ್ಚಿ. ಘಟ್ಟದಕ್ಲು, ಅಕ್ಲೆಗ್ ದಾದ ತೆರಿಯುಂಡು?" ಗೋಡೆಯ ವಿಷಯ ಹೇಳುವುದು ಬೇಡ, ಘಟ್ಟದವರು, ಅವರಿಗೇನು ತಿಳಿಯುತ್ತದೆ.

ಕರಾವಳಿಯವರಿಗೆ ಘಟ್ಟದ ಮೇಲಿನವರೆಲ್ಲ ಒಂದೇ, ಮತ್ತು ಘಟ್ಟದ ಮೇಲಿನ ಯಾರಿಗೂ ತುಳು ಬಾರದು ಎಂಬುದು ಅವರಿಗೆ ಖಾತ್ರಿ. ಅದು ಸಾಮಾನ್ಯವಾಗಿ ನಿಜವೂ ಹೌದು. ಆದರೆ ನಾನು ಎಂ.ಎ. ಓದಿದ್ದು ಮಂಗಳೂರಿನ ಹತ್ತಿರ, ಯೂನಿವರ್ಸಿಟಿ ಹಾಸ್ಟೆಲಿನಲ್ಲಿ. ಕೋಣೆಯ ಉಳಿದ ಮೂವರೂ ತುಳುವಿನವರು. ನನ್ನ ಜೋಳದ ರೊಟ್ಟಿಯ ಬಗ್ಗೆ, ನನ್ನ ಉಚ್ಚಾರದ ಬಗ್ಗೆ ಅವರು ನನ್ನೆದುರೇ ಆಡಿಕೊಳ್ಳುತ್ತಿದ್ದುದೇನು ಎಂದು ತಿಳಿಯುವ ಹಟಕ್ಕೇ ಆ ಭಾಷೆ ಕಲಿತೆ. ಮಾತಾಡಲು ಚೆನ್ನಾಗಿ ಬರುವುದಿಲ್ಲ. ಕೇಳಿಸಿಕೊಳ್ಳಲು ಬರುತ್ತದೆ.

ಯಜಮಾನರು, ಮೊದಲಿದ್ದ ಬಾಡಿಗೆಯವರ ಮಕ್ಕಳು ಗೋಡೆಯ ತುಂಬ ಪೆನ್ಸಿಲಿನಲ್ಲಿ ಗೀಚಿದ್ದರು, ಅದಕ್ಕೇ ಬಣ್ಣ ಎಂಬ ಕತೆ ಶುರುಮಾಡಿದ್ದರು. "ಎಂಕ್ ತುಳು ಅರ್ಥ ಆಪುಂಡು," ಎಂದೆ ನಾನು. ನನಗೆ ತುಳು ಅರ್ಥವಾಗುತ್ತದೆ.

ಕತೆಯ ನಡುವಿನಲ್ಲೇ ಅವರನ್ನು ತಡೆದು ಹೇಳಿದೆ ಎಂದು ನನ್ನ ನೆನಪು. ಅವರಿಗೆ ಪೂರ್ತಿ ಸುಳ್ಳು ಹೇಳಲು ಬಿಟ್ಟು, ಮುಗಿದ ಮೇಲೆ ಹೇಳಿದೆ ಎಂದು ಗಂಡ ಹೇಳುತ್ತಾರೆ. "ಅವ್ರು ಮಕ್ಕಳ ಹೆಸರು ಸೈತ ಹೇಳಿದ್ರಲ್ಲ," ಎಂದು ಪುರಾವೆ ಕೊಡುತ್ತಾರೆ. ಈ ಎರಡರ ನಡುವಿನ ಅಂತರ ನನಗೆ ಸಣ್ಣದಲ್ಲ. ಮೊದಲೇ ಹೇಳಿದ್ದರೆ ಅದು ನೇರ ನಡತೆ, ಆಮೇಲೆ ಹೇಳಿದ್ದರೆ ಲೆಕ್ಕಾಚಾರ. ಕದ್ದು ಕೇಳಿದ ಮಾತನ್ನು ಒಳಗಿಟ್ಟುಕೊಂಡು ಅವರ ಮನೆಯಲ್ಲಿ ವರ್ಷ ಕಳೆಯಲಾರೆ ಎಂಬ ಕಾರಣಕ್ಕೇ ಹೇಳಿದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಹೇಳುವುದರಿಂದ ನಮ್ಮ ಕೈ ಮೇಲಾಗುತ್ತದೆ ಎಂಬುದು ಆ ಗಳಿಗೆಯಲ್ಲಿ ನನಗೆ ಹೊಳೆದಿರಲಿಲ್ಲ ಎಂದು ಆಣೆ ಮಾಡಿ ಹೇಳಲಾರೆ. ಎರಡೂ ಇದ್ದಿರಬೇಕು.

ಲೋಟಗಳು ಅಮ್ಮನ ಕೈಯಲ್ಲೇ ನಿಂತವು. ಬ್ರೋಕರ್ ಒಬ್ಬೊಬ್ಬರ ಮುಖ ನೋಡಿ, "ಕಾಯ್ ಝಾಲಂ? ಕಾಯ್ ಝಾಲಂ?" ಏನಾಯಿತು, ಏನಾಯಿತು ಎಂದು ಕೇಳತೊಡಗಿದ. ಎಲ್ಲ ಮಾತೂ ತನ್ನ ಮೂಲಕವೇ ಹೋಗಬೇಕೆನ್ನುತ್ತಿದ್ದವನನ್ನು ಬಿಟ್ಟು ಈ ಮಾತು ಹೋಗಿತ್ತು. ಅಮ್ಮ ಲೋಟ ಎತ್ತಿಕೊಂಡು ಒಳಗೆ ಹೋದರು. ನಲ್ಲಿಯ ಸದ್ದು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೇಳಿಸಿತು. ಯಜಮಾನರು ಫ್ಯಾನ್ ನೋಡುತ್ತಿದ್ದರು. ನನ್ನ ಗಂಡ, ತುಳುವಿನ ಒಂದಕ್ಷರ ಅರ್ಥವಾಗದಿದ್ದರೂ, ಏನೋ ಕೆಟ್ಟಿತೆಂದು ತಿಳಿದು ಚಪ್ಪಲಿ ಎಲ್ಲಿ ಬಿಟ್ಟಿದ್ದೇವೆಂದು ಬಾಗಿಲ ಕಡೆ ಕಣ್ಣು ಹಾಯಿಸಿದರು.

ಅಮ್ಮ ಸೆರಗಿಗೆ ಕೈ ಒರೆಸುತ್ತಾ ಬಂದು ನನ್ನೆದುರಿನ ಕುರ್ಚಿಯಲ್ಲೇ ಕೂತರು. "ತುಳು ಎಲ್ಲಿ ಕಲ್ತದ್ದು ನೀವು?"

ಹೇಳಿದೆ.

"ಮತ್ತೆ ಇಷ್ಟು ಹೊತ್ತು ಏನೂ ಗೊತ್ತಿಲ್ಲದವರ ಹಾಗೆ ಕೂತದ್ದು ಎಂತಕ್ಕೆ?"

"ಇಷ್ಟು ಹೊತ್ತು ನೀವು ಕನ್ನಡದಾಗ ಮಾತಾಡಿದ್ರಿ, ಆಂಟಿ. ತುಳುವಿನ್ಯಾಗ ಅಂದದ್ದು ಇದೊಂದೇ ಮಾತು."

"ಘಟ್ಟದವರು ಅಂದೆ ಅಂತ ಬೇಜಾರುಂಟಾ?"

"ಅದಕ್ಕೇನಿಲ್ಲ. ನಾವೂ ನಿಮಗ ಮೀನ ತಿನ್ನಾವ್ರು ಅಂತೀವಿ. ಬ್ಯಾಸರ ಇದ್ದದ್ದು ಗೋಡೆದು."

ಅವರಿಗೆ ನಗು ಬಂತು; ತಡೆಯಲು ನೋಡಿದರು, ಆಗಲಿಲ್ಲ. ಆಮೇಲೆ ಗೋಡೆಯ ವಿಷಯ ಅವರೇ ಹೇಳಿದರು. ಮೇಲೆ ಟೆರೇಸು. ಗೋಡೆಯೂ ಟೆರೇಸೂ ಸೇರುವಲ್ಲಿ ಬಿರುಕು. ಜೂನ್ ಹಿಡಿದು ನೀರು ಇಳಿಯುತ್ತದೆ, ಗೋಡೆ ಕಪ್ಪಾಗುತ್ತದೆ, ಹಾಸಿಗೆ ಸರಿಸಬೇಕಾಗುತ್ತದೆ. ಟೆರೇಸು ಕಟ್ಟಡದ ಸೊಸೈಟಿಯದ್ದು, ರಿಪೇರಿ ಅವರು ಮಾಡಿಸಬೇಕು. ಕಮಿಟಿಯವರು ಪ್ರತಿ ವರ್ಷ ಮೀಟಿಂಗಿನಲ್ಲಿ ಒಪ್ಪುತ್ತಾರೆ, ಪ್ರತಿ ವರ್ಷ ಬಿಡುತ್ತಾರೆ. ಇವರು ಪ್ರತಿ ಬೇಸಿಗೆ ಬಣ್ಣ ಬಳಿಸುತ್ತಾರೆ. ಮೊದಲಿನ ಬಾಡಿಗೆಯವರು ಅದೇ ಜಗಳದಲ್ಲಿ ಬಿಟ್ಟು ಹೋದರು.

"ಮಕ್ಕಳು ಗೀಚಿದ್ದು?" ಎಂದು ಗಂಡ ಮುಗ್ಧವಾಗಿ ಕೇಳಿಬಿಟ್ಟರು.

ಯಜಮಾನರ ಮುಖ ಕೆಂಪಾಯಿತು. "ಗೀಚಿದ್ದೂ ಹೌದು! ನಾವೇ ಮೂವತ್ತು ವರ್ಷ ಅಲ್ಲಿ ಇದ್ದವರಲ್ವಾ? ಸತ್ತಿದ್ದೇವಾ?"

"ನೀವು ಬಾಡಗಿ ಕೊಟ್ಟು ಇರಲಿಲ್ಲಲ್ಲ, ಅಂಕಲ್."

"ಹಾಗಾದ್ರೆ ಬೇಡ," ಎಂದು ಅವರು ಎದ್ದರು. "ಒಳ್ಳೆ ಗೋಡೆಯ ಮನೆ ನೋಡಿಕೊಳ್ಳಿ. ನಮ್ಮ ಮನೆಗೆ ಜನ ಇಲ್ಲಾಂತ ಇಲ್ಲ."

ಇಲ್ಲಿ ನನ್ನ ನೆನಪು ಬಹಳ ಸ್ಪಷ್ಟ, ಅದಕ್ಕೇ ನನಗೆ ಅದರ ಮೇಲೆ ಅಷ್ಟು ನಂಬಿಕೆಯಿಲ್ಲ. ಹದಿನೈದಕ್ಕೆ ಹೂಂ ಅನ್ನುವ ಮಾತು ನನ್ನ ಬಾಯಿಯವರೆಗೂ ಬಂದಿತ್ತು. ಅಡುಗೆಮನೆಯ ಕಿಟಕಿ, ಅದರ ಆಚೆಯ ಕಾಂಪೌಂಡು ಕಣ್ಣಿಗೆ ಬಂದವು. ಟಿಟ್ವಾಳಾದ ಪ್ಲಾಟ್‌ಫಾರ್ಮಿನಲ್ಲಿ ರಾತ್ರಿ ಇಳಿಯುತ್ತಿರುವ ಮಗಳೂ ಬಂದಳು. ಟ್ಯೂಷನ್ ಬಿಡಿಸಿದರೆ ಹೇಗೆ ಎಂದು ಲೆಕ್ಕ ಹಾಕಿದೆ. ಟ್ಯೂಷನ್ ಬಿಡಿಸಿ ಶಾಲೆಯ ಹತ್ತಿರ ಮನೆ ಹಿಡಿಯುವುದರಲ್ಲಿ ಏನು ಅರ್ಥ ಎಂದೂ ಅನಿಸಿತು. ನಾನು ಏಳಲಿಲ್ಲ. ಗಂಡ ಎದ್ದು ನಿಂತಿದ್ದರು, ಬ್ರೋಕರ್ ಎದ್ದು ನಿಂತಿದ್ದ, ಯಜಮಾನರು ನಿಂತೇ ಇದ್ದರು. ಕೂತದ್ದು ನಾನು ಮತ್ತು ಅಮ್ಮ.

"ಆಂಟಿ, ಗೋಡೆ ವರ್ಷಪೂರ್ತಿ ಹಸಿ ಇರೂದಿಲ್ಲಲ್ಲ?"

"ಇಲ್ಲಪ್ಪ. ಮಳೆಗಾಲ ಮಾತ್ರ. ದಸರಾಕ್ಕೆಲ್ಲ ಒಣಗ್ತದೆ."

"ಹಂಗಾದ್ರ ಬಾಡಗಿನೂ ಹಂಗಽ ಇರ್ಲಿ. ಗೋಡೆ ಒಣಗಿದ ತಿಂಗಳಿಗೆ ಹದಿನಾಕು. ಜೂನ್, ಜುಲೈ, ಆಗಸ್ಟ್, ಸೆಪ್ಟೆಂಬರ್ ಹನ್ನೊಂದು. ಮಳೆಗಾಲದಾಗ ನಾವು ಒಂದು ಖೋಲಿ ಬಿಟ್ಟು ಇರ್ತೀವಿ, ಆ ಖೋಲೀದು ಬಾಡಗಿ ಬಿಡ್ರಿ."

ಈ ಉಪಾಯ ತನ್ನದು ಎಂದು ಗಂಡ ಹೇಳುತ್ತಾರೆ. ಅವರ ಕಂಪನಿ ತುರ್ಭೆಯಲ್ಲಿ ಹಿಡಿದಿರುವ ಗೋದಾಮಿನ ಒಂದು ಮೂಲೆ ಮಳೆಗಾಲದಲ್ಲಿ ಸೋರುತ್ತದೆ, ಆ ತಿಂಗಳುಗಳಲ್ಲಿ ಅಲ್ಲಿ ಮಾಲು ಇಡುವುದಿಲ್ಲ, ಅಷ್ಟು ಜಾಗದ ಬಾಡಿಗೆಯನ್ನೂ ಕೊಡುವುದಿಲ್ಲ. ಇದನ್ನು ಆ ದಿನ ಠಾಣೆಗೆ ಬರುವಾಗ ಟ್ರೇನಿನಲ್ಲಿ ನನಗೆ ಹೇಳಿದ್ದರಂತೆ. ನನಗೆ ಅಂಥ ಮಾತು ನೆನಪಿಲ್ಲ. ಆದರೆ ಟ್ರೇನಿನಲ್ಲಿ ಅವರು ಹೇಳುವುದರ ಅರ್ಧ ನನಗೆ ಕೇಳಿಸುವುದಿಲ್ಲ, ಕೇಳಿಸಿದ್ದರ ಅರ್ಧ ನನ್ನದೇ ಯೋಚನೆಯೆಂದು ಒಳಗೆ ಉಳಿದುಕೊಂಡರೂ ಆಶ್ಚರ್ಯವಿಲ್ಲ. ಹಾಗಿದ್ದರೆ ಅವರದ್ದೇ ಇರಲಿ.

ಬ್ರೋಕರನಿಗೆ ನಾನು ಮರಾಠಿಯಲ್ಲಿ ವಿವರಿಸಿದೆ. ಅವನು ಮೊದಲು ತಲೆ ಕೆರೆದುಕೊಂಡ. ಆಮೇಲೆ ಅವನ ಮುಖದಲ್ಲಿ ಬೆಳಕು ಬಂತು. ಬಿಲ್ಡಿಂಗಿನವರು ಕೇಳಿದರೆ ಹದಿನಾಲ್ಕಕ್ಕೆ ಹೋಯಿತು ಎನ್ನಬಹುದು, ರೇಟ್ ಕೆಡುವುದಿಲ್ಲ. "ಚೌದಾ ಮ್ಹಣ್‌ಜೇ ಠೀಕ್ ಆಹೆ," ಹದಿನಾಲ್ಕೆಂದರೆ ಸರಿ ಎಂದು ಯಜಮಾನರ ಕಡೆ ತಲೆಯಾಡಿಸಿದ. ಅವನು ಆ ದಿನ ನನ್ನ ಪಕ್ಷ ವಹಿಸಿದ್ದು ಅದೊಂದೇ ಸಲ.

ಯಜಮಾನರು ಒಪ್ಪಲಿಲ್ಲ. "ಇದೆಂತ ವ್ಯಾಪಾರ? ಸೀಸನ್ ಲೆಕ್ಕದಲ್ಲಿ ಬಾಡಿಗೆ ಕೊಡ್ಲಿಕ್ಕೆ ಇದೆಂತ ಲಾಡ್ಜಾ?"

"ನೀವು ಕ್ಯಾಂಟೀನಲ್ಲಿ ಬೇಸಿಗೆಗೆ ಒಂದು ರೇಟು, ಟೊಮೇಟೊ ಏರಿದಾಗ ಒಂದು ರೇಟು ಮಾಡ್ತಿರ್ಲಿಲ್ವಾ?" ಎಂದು ಅಮ್ಮ ಕನ್ನಡದಲ್ಲೇ ಕೇಳಿದರು, ನನಗೂ ಕೇಳಲೆಂದು. "ಹೋದ ವರ್ಷ ಮಳೆಗಾಲದಲ್ಲಿ ಮೊದಲಿನವರು ಬಿಟ್ಟು ಹೋಗಿ ನಾಲ್ಕು ತಿಂಗಳು ಬೀಗ ಹಾಕಿದ್ದೆವು. ಆಗ ಎಷ್ಟು ಸಿಕ್ಕಿತು ನಿಮಗೆ? ಹನ್ನೊಂದು ಸಿಕ್ಕಿತಾ?"

"ನೀನು ಸುಮ್ನಿರು."

"ಮನೆ ನನ್ನ ಹೆಸರಲ್ಲಿ ಉಂಟು," ಎಂದರು ಅಮ್ಮ. ಜಗಳದ ಸ್ವರವಿರಲಿಲ್ಲ, ಅಕ್ಕಿ ಯಾವ ಡಬ್ಬಿಯಲ್ಲಿದೆ ಎಂದು ಹೇಳಿದಂತಿತ್ತು. ಆಮೇಲೆ ನನ್ನ ಕಡೆ ತಿರುಗಿ, "ಹನ್ನೊಂದು ಆಗ್ಲಿಕ್ಕಿಲ್ಲ. ಹನ್ನೊಂದೂವರೆ."

ನನ್ನ ಕಣ್ಣು ಗಂಡನ ಮೊಬೈಲಿನ ಕಡೆ ಹೋಯಿತು. ಅವರು ಆಗಲೇ ಒತ್ತುತ್ತಿದ್ದರು. ಕರಾರು ಹನ್ನೊಂದು ತಿಂಗಳದ್ದು, ಮೇ ಒಂದರಿಂದ ಮಾರ್ಚ್ ಕೊನೆಯವರೆಗೆ, ಅಂದರೆ ಬೋರ್ಡ್ ಪರೀಕ್ಷೆ ಮುಗಿಯುವವರೆಗೆ. ಎಲ್ಲ ಕೂಡಿಸಿ ಭಾಗಿಸಿದರೆ ತಿಂಗಳಿಗೆ ಹದಿಮೂರಕ್ಕೆ ಸ್ವಲ್ಪ ಮೇಲೆ. ಅವರು ಪರದೆಯನ್ನು ನನ್ನ ಕಡೆ ತಿರುಗಿಸಿ, ಇಷ್ಟು ಸಾಕು, ಒಪ್ಪಿಕೋ ಎಂದು ಹುಬ್ಬಿನಲ್ಲೇ ಬೇಡಿಕೊಂಡರು. ತೊಂಬತ್ತು ರೂಪಾಯಿಯ ವ್ಯತ್ಯಾಸ. ತೊಂಬತ್ತಕ್ಕೆ ಮನೆ ಕಳೆದುಕೊಳ್ಳುತ್ತಾರೆಯೇ ಯಾರಾದರೂ?

"ಹನ್ನೊಂದು, ಆಂಟಿ," ಎಂದೆ.

ಇದು ದೃಢತೆಯೋ ಹಟವೋ ಎಂದು ನಾನು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹದಿಮೂರು ಎಂಬುದು ಲೆಕ್ಕದಿಂದ ಬಂದ ಸಂಖ್ಯೆ, ಆದರೆ ಅಷ್ಟು ಹೊತ್ತಿಗೆ ಅದು ಲೆಕ್ಕದ ಆಚೆ ಹೋಗಿತ್ತು. ಆ ತಿಂಗಳಿಡೀ ಎಲ್ಲರೂ ಎಲ್ಲದಕ್ಕೂ, ಸ್ವಲ್ಪ ತಾನೇ, ಐನೂರು ತಾನೇ, ಮೂರು ಸ್ಟೇಷನ್ ಆಚೆ ತಾನೇ ಎಂದು ನಮ್ಮನ್ನು ದೂಡುತ್ತಿದ್ದರು. ಒಂದು ಕಡೆ ನಿಲ್ಲಬೇಕಿತ್ತು.

ಅಮ್ಮ ಚಕ್ಕುಲಿಯ ತಟ್ಟೆಯನ್ನು ನನ್ನ ಕಡೆ ಸರಿಸಿದರು. ಆಮೇಲೆ ಕೇಳಿದರು, "ಎಷ್ಟನೇ ಕ್ಲಾಸು ಮಗಳು?"

"ಹತ್ತು."

"ಅವಳಿಗೆ ಗೋಡೆಯ ಹತ್ತಿರ ಮಲಗ್ಲಿಕ್ಕೆ ಬಿಡ್ಬೇಡಿ. ನನ್ನ ದೊಡ್ಡವಳಿಗೆ ಅಲ್ಲೇ ಮಲಗಿ ದಮ್ಮು ಹಿಡಿದದ್ದು." ಹೇಳಿ ತಮ್ಮ ಗಂಡನ ಕಡೆ ನೋಡಿದರು. "ಹನ್ನೊಂದು ಬರೀರಿ."

ಕರಾರು ಮಾಡಿಸುವವನು ಮುಂದಿನ ವಾರ ಲ್ಯಾಪ್‌ಟಾಪು, ಹೆಬ್ಬೆಟ್ಟಿನ ಯಂತ್ರ ಹಿಡಿದು ಠಾಣೆಯ ಅದೇ ಮನೆಗೆ ಬಂದ. ಬಾಡಿಗೆ ಯಾವ ತಿಂಗಳಿಗೆ ಎಷ್ಟು ಎಂದು ಬೇರೆ ಬೇರೆ ತುಂಬಲು ಕರಾರಿನ ಫಾರ್ಮಿನಲ್ಲಿ ಜಾಗವಿರುತ್ತದೆ, ಸಾಮಾನ್ಯವಾಗಿ ಎರಡನೇ ವರ್ಷಕ್ಕೆ ಏರಿಸಲು. ಇಳಿಸಿ ಮತ್ತೆ ಏರಿಸುವುದನ್ನು ತಾನು ನೋಡಿಲ್ಲ ಎಂದು ಅವನು ಎರಡು ಸಲ ಕೇಳಿ ಖಚಿತಪಡಿಸಿಕೊಂಡ. "ಡಿಸ್ಕೌಂಟ್ ಆಹೆ ಕಾ ಕಾಕೂ, ಪಾವ್‌ಸಾಚಾ?" ಎಂದು ಅಮ್ಮನನ್ನು ಛೇಡಿಸಿದ, ಮಳೆಯ ರಿಯಾಯಿತಿಯೇ ಎಂದು. ಅಮ್ಮ "ಹೋ", ಹೌದು, ಎಂದು ಹೆಬ್ಬೆರಳು ಕೊಟ್ಟರು. ಯಜಮಾನರು ಸಾಕ್ಷಿಯ ಜಾಗದಲ್ಲಿ ಹೆಬ್ಬೆಟ್ಟು ಒತ್ತಿ, ಕ್ಯಾಮೆರಾದ ಕಡೆ ನಗದೆ ನೋಡಿದರು.

ಜೂನ್ ಮೂರನೇ ವಾರಕ್ಕೆ ಗೋಡೆ ಕಪ್ಪಾಯಿತು. ಮೊದಲು ಮೇಲಿನ ಮೂಲೆ, ಆಮೇಲೆ ಕೆಳಗಿನವರೆಗೂ ಇಳಿದ ಪಟ್ಟಿ, ಬಣ್ಣ ಹಪ್ಪಳದಂತೆ ಎದ್ದಿತು. ನಾವು ಮಂಚ ಹಾಲಿಗೆ ಎಳೆದೆವು. ಮಗಳ ಮೇಜು ಅಡುಗೆಮನೆಗೆ ಹೋಯಿತು. ಆ ವಾಸನೆ ಬಟ್ಟೆಗೂ ಬಂತು, ಆಫೀಸಿನಲ್ಲಿ ಪಕ್ಕದವಳು ಕೇಳಿದಳು. ಮನೆ ಸರಿಯಾಗಿ ಆರಿಸಿದೆವೇ ಎಂದು ನನಗೆ ಅನಿಸಿದ ದಿನಗಳಿವೆ. ಹದಿನೈದು ಕೊಟ್ಟು ಇದೇ ಗೋಡೆಯನ್ನು ನೋಡುತ್ತಾ ಕೂತಿದ್ದರೆ ಎಂದು ಯೋಚಿಸಿದರೆ ಆ ಸಂಶಯ ಇಳಿಯುತ್ತಿತ್ತು.

ಆಗಸ್ಟಿನ ಒಂದು ಶನಿವಾರ, ನನಗೆ ರಜೆ, ಯಜಮಾನರ ಫೋನು ಬಂತು.

"ಈ ವರ್ಷ ಮಳೆ ಅಂಥದ್ದೇನೂ ಇಲ್ಲ ಅಲ್ವಾ? ಠಾಣೆಯಲ್ಲಿ ಎರಡು ದಿನದಿಂದ ಬಿಸಿಲು."

"ಠಾಕುರ್ಲಿಯೊಳಗ ಗೋಡೆ ಹಸಿ ಅದ, ಅಂಕಲ್."

"ನಾನು ಹೇಳಿದ್ದು ಏನಂದ್ರೆ, ಸೆಪ್ಟೆಂಬರಿಂದಲೇ ಹದಿನಾಲ್ಕು ಮಾಡಿದ್ರೆ ಹೇಗೆ?"

"ಅಕ್ಟೋಬರ್."

"ಅರ್ಧ ಸೆಪ್ಟೆಂಬರ್?"

"ಅಕ್ಟೋಬರ್, ಅಂಕಲ್. ಕಮಿಟಿಯವರಿಗೆ ಹೇಳಿ ಟೆರೇಸ್ ರಿಪೇರಿ ಮಾಡಸ್ರಿ. ಮುಂದಿನ ಸಲ ಹನ್ನೆರಡೂ ತಿಂಗಳ ಹದಿನಾಕು ತಗೋರಿ."

"ಅಲ್ಲ, ನೀವು ಓದಿದವರು, ಸ್ವಲ್ಪ ಅರ್ಥ ಮಾಡ್ಕೊಳ್ಬೇಕು..."

ಅವರು ಮಾತು ಮುಂದುವರಿಸಿದರು. ನಾನು ಫೋನನ್ನು ಭುಜ ಮತ್ತು ಕಿವಿಯ ನಡುವೆ ಒತ್ತಿಹಿಡಿದು ಬೇಳೆಗೆ ಒಗ್ಗರಣೆ ಹಾಕಿದೆ. ಕೆಳಗೆ ಶಾಲೆಯ ಗಂಟೆ ಹೊಡೆಯಿತು. ಸಾರು ಕುದಿ ಬರುವಷ್ಟರಲ್ಲಿ ಮೆಟ್ಟಿಲ ಮೇಲೆ ಎರಡೆರಡಾಗಿ ಹತ್ತುವ ಕಾಲಿನ ಸದ್ದು, ಬಾಗಿಲಲ್ಲಿ ಒದ್ದೆ ಬೂಟುಗಳು ಬಿದ್ದ ಸದ್ದು. "ಮಮ್ಮಿ, ಭೂಕ್ ಲಗೀ ಹೈ," ಎಂದು ಮಗಳು ಬ್ಯಾಗನ್ನು ಮೇಜಿನ ಮೇಲೆ ಎಸೆದಳು.

"ಅಂಕಲ್, ಮಗಳು ಸಾಲೀಂದ ಬಂದಾಳ. ಊಟಕ್ಕ ಹಾಕಬೇಕು," ಎಂದು ಫೋನ್ ಇಟ್ಟೆ.